ಅರ್ಧ ತಾಸಿನ ಮದ್ದು, ಎರಡು ವಾರದ ಕಾವಲು

ಮೆಲ್ಫಲಾನ್ ಎಂಬ ಔಷಧ ರಕ್ತನಾಳಕ್ಕೆ ಇಳಿಯುವ ಹೊತ್ತಿಗೆ ರೋಗಿಯ ಕೈಯಲ್ಲಿ ಒಂದು ಬಟ್ಟಲು ಐಸ್ ಚೂರುಗಳಿರುತ್ತವೆ. ಡ್ರಿಪ್ ಶುರುವಾಗುವ ಮುಂಚೆಯೇ ಚೀಪಲು ಆರಂಭಿಸಬೇಕು, ಮುಗಿದ ಮೇಲೂ ಸುಮಾರು ಹೊತ್ತು ಮುಂದುವರಿಸಬೇಕು. ಹಲ್ಲು ಜುಮ್ಮೆಂದರೂ, ನಾಲಿಗೆ ಮರಗಟ್ಟಿದರೂ ಬಿಡುವಂತಿಲ್ಲ. ತಣ್ಣಗಾದ ಬಾಯಿಯಲ್ಲಿ ರಕ್ತನಾಳಗಳು ಕುಗ್ಗುತ್ತವೆ, ಅಲ್ಲಿಗೆ ತಲುಪುವ ಔಷಧ ಕಡಿಮೆಯಾಗುತ್ತದೆ, ವಾರದ ನಂತರ ಏಳುವ ಬಾಯಿಹುಣ್ಣಿನ ಕಾಟವೂ ತಗ್ಗುತ್ತದೆ. ಮಲ್ಟಿಪಲ್ ಮೈಲೋಮಾದ ತೀವ್ರ ಚಿಕಿತ್ಸೆಯಲ್ಲಿ ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ.

ಮೂಳೆಮಜ್ಜೆಯಲ್ಲಿರುವ ಪ್ಲಾಸ್ಮಾ ಕೋಶಗಳ ಕೆಲಸ ಪ್ರತಿಕಾಯಗಳನ್ನು ತಯಾರಿಸುವುದು. ಅವುಗಳಲ್ಲಿ ಒಂದು ಕೋಶದ ಸಂತತಿ ಹದ್ದು ಮೀರಿ ಬೆಳೆದರೆ ಅದೇ ಮೈಲೋಮಾ ಎಂಬ ಕ್ಯಾನ್ಸರ್. ಕೆಲಸಕ್ಕೆ ಬಾರದ ಒಂದೇ ಬಗೆಯ ಪ್ರೋಟೀನು ರಕ್ತದಲ್ಲಿ ತುಂಬುತ್ತದೆ, ಕಿಡ್ನಿ ಸೋಲುತ್ತದೆ, ಹಿಮೋಗ್ಲೋಬಿನ್ ಇಳಿಯುತ್ತದೆ, ಮೂಳೆ ಟೊಳ್ಳಾಗುತ್ತದೆ. ನಟಿ, ಸಂಸದೆಯಾಗಿದ್ದ ಕಿರಣ್ ಖೇರ್ ಅವರಲ್ಲಿ ಈ ರೋಗ ಗೊತ್ತಾದದ್ದು 2020ರ ನವೆಂಬರ್‌ನಲ್ಲಿ ಚಂಡೀಗಢದ ಮನೆಯಲ್ಲಿ ಕೈ ಮುರಿದ ಮೇಲೆ ನಡೆದ ಪರೀಕ್ಷೆಗಳಿಂದ. ವೈದ್ಯಕೀಯ ದಾಖಲೆಗಳಲ್ಲಿ ಸ್ಪಷ್ಟವಾಗಿ ಸಿಗುವ ಮೊದಲ ರೋಗಿ ಲಂಡನ್ನಿನ ಗೃಹಿಣಿ ಸಾರಾ ನ್ಯೂಬರಿ. ಗಂಡ ಎತ್ತಿಕೊಂಡು ಹಾಸಿಗೆಗೆ ಒಯ್ಯುವಾಗಲೇ ಆಕೆಯ ತೊಡೆಮೂಳೆಗಳು ಮುರಿದವು. ಆಸ್ಪತ್ರೆಯಲ್ಲಿ ಕೊಟ್ಟದ್ದು ಕಿತ್ತಳೆ ಸಿಪ್ಪೆಯ ಕಷಾಯ, ರೂಬಾರ್ಬ್ ಗುಳಿಗೆ ಮತ್ತು ನೋವಿಗೆ ಅಫೀಮು. 1844ರಲ್ಲಿ ಆಕೆ ತೀರಿಕೊಂಡಾಗ ವಯಸ್ಸು 39.

ಮೆಲ್ಫಲಾನ್ ಬಂದದ್ದು ನೂರು ವರ್ಷಗಳಾಚೆ, 1950ರ ದಶಕದಲ್ಲಿ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಸುಟ್ಟ ಮಸ್ಟರ್ಡ್ ಅನಿಲದ ರಾಸಾಯನಿಕ ಬಂಧು ಅದು. ಸಣ್ಣ ಪ್ರಮಾಣದ ಮಾತ್ರೆಯಾಗಿ ದಶಕಗಳ ಕಾಲ ಬಳಕೆಯಲ್ಲಿದ್ದರೂ ರೋಗ ಪೂರ್ತಿ ಅಡಗುತ್ತಿದ್ದದ್ದು ಅಪರೂಪ. 1983ರಲ್ಲಿ ಇಂಗ್ಲೆಂಡಿನ ಟಿಮ್ ಮೆಕೆಲ್‌ವೇನ್ ಮತ್ತು ರೇ ಪೌಲ್ಸ್ ಅದನ್ನು ಭಾರೀ ಪ್ರಮಾಣದಲ್ಲಿ ರಕ್ತನಾಳಕ್ಕೇ ಕೊಟ್ಟು ನೋಡಿದ್ದನ್ನು ವರದಿ ಮಾಡಿದರು. ಅಲ್ಲಿಯವರೆಗೆ ಕಾಣದಿದ್ದ ಫಲ ಸಿಕ್ಕಿತು, ಕೆಲವರಲ್ಲಿ ರೋಗದ ಗುರುತೇ ಉಳಿಯಲಿಲ್ಲ. ಆದರೆ ರೋಗದ ಜೊತೆಗೆ ಮೂಳೆಮಜ್ಜೆಯೂ ಬರಿದಾಗುತ್ತಿತ್ತು. ವಾರಗಟ್ಟಲೆ ಬಿಳಿ ರಕ್ತಕಣಗಳಿಲ್ಲದೆ ಸೋಂಕಿಗೆ ಜೀವ ಹೋಗುವ ಭಯ.

ಅಂದರೆ ಔಷಧದ ಪ್ರಮಾಣಕ್ಕೆ ಮಿತಿ ಹಾಕುತ್ತಿದ್ದದ್ದು ಕ್ಯಾನ್ಸರ್ ಅಲ್ಲ, ಮಜ್ಜೆ. ಇದಕ್ಕೆ ಸಿಕ್ಕ ಪರಿಹಾರ, ಬಿತ್ತನೆ ಬೀಜವನ್ನು ಮೊದಲೇ ತೆಗೆದಿಟ್ಟು ಆಮೇಲೆ ಕಳೆಹೊಲಕ್ಕೆ ಬೆಂಕಿಯಿಟ್ಟಂತೆ. ರೋಗಿಯದೇ ರಕ್ತದ ಆಕರಕೋಶಗಳನ್ನು (ಸ್ಟೆಮ್ ಸೆಲ್) ಮೊದಲು ಸಂಗ್ರಹಿಸಿ, ಮೆಲ್ಫಲಾನ್ ಕೊಟ್ಟ ಮೇಲೆ ಮರಳಿಸುವುದು. ಆಕರಕೋಶ ಕಸಿಯೇ ಚಿಕಿತ್ಸೆ ಎಂದು ಮನೆಯವರು ಅಂದುಕೊಂಡಿರುತ್ತಾರೆ. ಆದರೆ ಆ ಕೋಶಗಳು ಕ್ಯಾನ್ಸರನ್ನು ಮುಟ್ಟುವುದೂ ಇಲ್ಲ. ರೋಗವನ್ನು ಕೊಲ್ಲುವ ಕೆಲಸ ಅರ್ಧ ತಾಸಿನ ಡ್ರಿಪ್‌ನದು, ಆ ಡ್ರಿಪ್‌ನಿಂದ ರೋಗಿಯನ್ನು ಉಳಿಸುವ ಕೆಲಸ ಕೋಶಗಳದು. 1996ರಲ್ಲಿ ಪ್ರಕಟವಾದ 200 ರೋಗಿಗಳ ಫ್ರೆಂಚ್ ಅಧ್ಯಯನ ಈ ವಿಧಾನಕ್ಕೆ ಬಲ ತಂದಿತು. ಐದು ವರ್ಷ ಬದುಕುವವರ ಅಂದಾಜು ಹಳೆಯ ಚಿಕಿತ್ಸೆಯಲ್ಲಿ ಶೇ. 12, ಹೊಸದರಲ್ಲಿ ಶೇ. 52.

ರೋಗಿಯ ಪಾಲಿಗೆ ಇದೆಲ್ಲ ಶುರುವಾಗುವುದು ಹೊಕ್ಕುಳ ಪಕ್ಕದ ಸೂಜಿಯಿಂದ. ನಾಲ್ಕೈದು ದಿನ ಜಿ-ಸಿಎಸ್‌ಎಫ್ ಚುಚ್ಚುಮದ್ದು ಕೊಟ್ಟರೆ ಮಜ್ಜೆಯ ಆಕರಕೋಶಗಳು ರಕ್ತಕ್ಕೆ ಇಳಿಯುತ್ತವೆ. ಸೊಂಟ, ಎದೆಮೂಳೆ ಒಳಗಿಂದ ಮಿಡಿದಂತೆ ನೋಯುತ್ತವೆ. ಆಮೇಲೆ ಯಂತ್ರದ ಪಕ್ಕ ನಾಲ್ಕೈದು ತಾಸು ಮಲಗಬೇಕು. ರಕ್ತ ಹೊರಬಂದು, ಕೋಶಗಳು ಬೇರ್ಪಟ್ಟು, ಉಳಿದದ್ದು ಒಳಗೆ ಹೋಗುತ್ತದೆ. ಹೆಪ್ಪುಗಟ್ಟದಿರಲೆಂದು ಬೆರೆಸುವ ಸಿಟ್ರೇಟ್ ಕ್ಯಾಲ್ಸಿಯಂ ಹಿಡಿದುಕೊಳ್ಳುವುದರಿಂದ ತುಟಿಯ ಸುತ್ತ ಜುಮುಜುಮು. ದೇಹತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಕೋಶ ಬೇಕು, 60 ಕಿಲೋ ತೂಗುವವರಿಗೆ 12 ಕೋಟಿ.

ಮೆಲ್ಫಲಾನ್ ಬೇಗ ದೇಹ ಬಿಟ್ಟು ಹೋಗುವುದರಿಂದ ಒಂದೆರಡು ದಿನದಲ್ಲೇ ಕೋಶಗಳನ್ನು ಮರಳಿಸಬಹುದು. ಆಸ್ಪತ್ರೆಯ ಲೆಕ್ಕದಲ್ಲಿ ಅದು ಸೊನ್ನೆಯ ದಿನ. ನೋಡಲು ರಕ್ತ ಏರಿಸಿದ ಹಾಗೆಯೇ, ಆಪರೇಷನ್ ಥಿಯೇಟರ್ ಇಲ್ಲ, ಹೊಲಿಗೆ ಇಲ್ಲ. ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿದ್ದ ಕೋಶಗಳಾದರೆ ಅವುಗಳ ರಕ್ಷಣೆಗೆ ಬೆರೆಸಿದ ಡಿಎಂಎಸ್‌ಒ ಉಸಿರಲ್ಲಿ ಹೊರಬಂದು ಕೋಣೆಯೆಲ್ಲ ಬೆಳ್ಳುಳ್ಳಿಯಂಥ ವಾಸನೆ. ಭಾರತದ ಕೆಲವು ಕೇಂದ್ರಗಳು ಕೋಶಗಳನ್ನು ಹೆಪ್ಪುಗಟ್ಟಿಸದೆ, 4 ಡಿಗ್ರಿಯ ಫ್ರಿಜ್‌ನಲ್ಲಿ ಕೆಲವೇ ದಿನ ಇರಿಸಿ ಮರಳಿಸುತ್ತವೆ. ಖರ್ಚು ಉಳಿಯುತ್ತದೆ, ವಾಸನೆಯೂ ಇರುವುದಿಲ್ಲ.

ಕಷ್ಟ ಆಮೇಲಿನದು.

ಆರೇಳು ದಿನಕ್ಕೆ ಬಿಳಿ ರಕ್ತಕಣಗಳು ಸೊನ್ನೆಯ ಹತ್ತಿರ ಇಳಿಯುತ್ತವೆ. ಗಂಟಲು ಉರಿದು ಉಗುಳು ನುಂಗುವುದೂ ಕಷ್ಟ, ಭೇದಿ ನಿಲ್ಲದು, ಊಟದ ಹೆಸರೆತ್ತಿದರೆ ವಾಕರಿಕೆ. ಬಚ್ಚಲಿಗೆ ಹೋಗಿ ಬಂದರೆ ಅಂದಿನ ಶಕ್ತಿ ಮುಗಿಯಿತು. ದಿಂಬಿನ ಮೇಲೆ ಕೂದಲು ಉದುರುತ್ತದೆ. ಜ್ವರ ಬಂದರೆ ವರದಿಗೆ ಕಾಯದೆ ಆಂಟಿಬಯೋಟಿಕ್ ಶುರು. ಈಗ ಬೆಳಗಿನ ರಕ್ತಪರೀಕ್ಷೆಯ ಅಂಕಿಯೇ ಮನೆಯವರ ಪಂಚಾಂಗ. ಸಾಮಾನ್ಯವಾಗಿ 10ರಿಂದ 14ನೇ ದಿನದೊಳಗೆ ಕೋಶಗಳು ಮಜ್ಜೆಯಲ್ಲಿ ನೆಲೆಯೂರಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳ ಎಣಿಕೆ 500 ದಾಟುತ್ತದೆ. ನುರಿತ ಕೇಂದ್ರಗಳಲ್ಲಿ ಈ ಹಂತದಲ್ಲಿ ಜೀವ ಹೋಗುವುದು ನೂರಕ್ಕೆ ಒಂದೆರಡು.

ಮನೆಗೆ ಬಂದ ಮೇಲೂ ಸುಸ್ತು ತಿಂಗಳುಗಟ್ಟಲೆ ಕಾಡುತ್ತದೆ. ಹಳೆಯ ಲಸಿಕೆಗಳ ರಕ್ಷಣೆ ಅಳಿಸಿಹೋಗಿರುವುದರಿಂದ ಮಕ್ಕಳಂತೆ ಮತ್ತೆ ಹಾಕಿಸಿಕೊಳ್ಳಬೇಕು. ರೋಗ ತಲೆಯೆತ್ತದಿರಲೆಂದು ಲೆನಾಲಿಡೊಮೈಡ್ ಮಾತ್ರೆ ವರ್ಷಗಟ್ಟಲೆ ನಡೆಯುತ್ತದೆ.

ಇಷ್ಟು ಕಷ್ಟಪಟ್ಟರೆ ಸಿಗುವುದೆಷ್ಟು? 2022ರಲ್ಲಿ ಅಮೆರಿಕದಲ್ಲಿ 722 ರೋಗಿಗಳ ಅಧ್ಯಯನ ಪ್ರಕಟವಾಯಿತು. ಹೊಸ ಔಷಧಗಳ ಜೊತೆಗೆ ಕಸಿಯನ್ನೂ ಮಾಡಿಸಿಕೊಂಡವರಲ್ಲಿ ಅರ್ಧದಷ್ಟು ಮಂದಿಗೆ ರೋಗ ಕನಿಷ್ಠ 67.5 ತಿಂಗಳು ಅಡಗಿತ್ತು, ಬರೀ ಔಷಧ ಪಡೆದವರಲ್ಲಿ 46.2 ತಿಂಗಳು. ಆದರೆ ಆರು ವರ್ಷಗಳ ನಂತರವೂ ಬದುಕಿ ಉಳಿದವರ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಹೀಗಾಗಿ ಕೆಲವರು ಕೋಶಗಳನ್ನು ಮೊದಲೇ ಸಂಗ್ರಹಿಸಿಟ್ಟು, ರೋಗ ಮರುಕಳಿಸಿದರೆ ಮಾತ್ರ ಮೆಲ್ಫಲಾನ್ ಪಡೆಯುವ ದಾರಿ ಹಿಡಿಯುತ್ತಾರೆ. ಇನ್ನು ಕೆಲವರು, ದೇಹದಲ್ಲಿ ಕಸುವಿರುವಾಗಲೇ ಇದನ್ನು ಮುಗಿಸಿಕೊಂಡು ಆ 21 ತಿಂಗಳನ್ನು ಗಳಿಸಿಕೊಳ್ಳುತ್ತಾರೆ.