ಕರಗುತ್ತ ತಣ್ಣಗಾದ ಮಂಜು

ನೇಪಲ್ಸಿನ ಸಿರಿವಂತರಿಗೆ ಬೇಸಿಗೆಯ ಔತಣದಲ್ಲಿ ಕೊರೆಯುವಂಥ ವೈನು ಬೇಕಿತ್ತು. ಅದಕ್ಕೆ ದೆಲ್ಲಾ ಪೋರ್ತಾ ಎಂಬ ಪಂಡಿತ ಒಂದು ಉಪಾಯ ಬರೆದಿಟ್ಟ. ಗಾಜಿನ ಬುದ್ದಲಿಗೆ ವೈನು ಸುರಿದು, ಬೇಗ ಗಟ್ಟಿಯಾಗಲೆಂದು ತುಸು ನೀರು ಬೆರೆಸಬೇಕು. ಮರದ ಬಾನಿಯಲ್ಲಿ ಹಿಮ ತುಂಬಿ, ಪೆಟ್ಲುಪ್ಪಿನ ಪುಡಿ ಉದುರಿಸಿ, ಬುದ್ದಲಿಯನ್ನು ಅದರೊಳಗೆ ತಿರುಗಿಸುತ್ತಿರಬೇಕು. ವೈನು ಮೆಲ್ಲಗೆ ಹೆಪ್ಪುಗಟ್ಟುತ್ತಿತ್ತು. 1589ರಲ್ಲಿ ವಿಸ್ತರಿಸಿ ಅಚ್ಚಾದ ಅವನ ಪುಸ್ತಕದ ಹೆಸರು ‘ನಿಸರ್ಗದ ಮಾಯಾವಿದ್ಯೆ’. ಹೆಸರಿಗೆ ತಕ್ಕ ಮಾಯೆಯೇ ಅದು. ಉಪ್ಪು ಬಿದ್ದ ಹಿಮ ಕರಗುತ್ತಿತ್ತು, ಕರಗಿದಷ್ಟೂ ಇನ್ನಷ್ಟು ತಣ್ಣಗಾಗುತ್ತಿತ್ತು.

ಅನುಮಾನ ಬಿದ್ದದ್ದು ಉಪ್ಪಿನ ಮೇಲೆ. ಪೆಟ್ಲುಪ್ಪಿಗೆ ತಣಿಸಲು ಹಿಮವೂ ಬೇಕಿರಲಿಲ್ಲ. ಅಕ್ಬರನ ಅರಮನೆಯಲ್ಲಿ ಕುಡಿಯುವ ನೀರಿನ ಪಾತ್ರೆಯನ್ನು ಪೆಟ್ಲುಪ್ಪು ಕದಡಿದ ನೀರಿನಲ್ಲಿ ಆಡಿಸಿ ತಂಪು ಮಾಡುತ್ತಿದ್ದರೆಂದು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಬರೆದ. ಸಿಡಿಮದ್ದಿಗೆ ಬೇಕಾದ ಉಪ್ಪೇ ನೀರನ್ನೂ ತಣಿಸುತ್ತಿತ್ತು! ತಂಪಿಗೂ ತನ್ನದೇ ಕಣಗಳುಂಟು, ಅವು ವಸ್ತುವಿನೊಳಗೆ ಹೊಕ್ಕು ಅದನ್ನು ತಣ್ಣಗಾಗಿಸುತ್ತವೆ ಎಂದು ಫ್ರಾನ್ಸಿನ ಗಸಾಂದಿ ವಾದಿಸಿದ.

ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಸದಾ ಕಾಯಿಲೆಯ ಮನುಷ್ಯ. ಆದರೂ ಚಳಿಯ ಬೆನ್ನು ಹತ್ತಿದ. ಕಣಗಳು ಒಳಹೊಕ್ಕರೆ ತೂಕ ಏರಬೇಕಲ್ಲ? ನೀರನ್ನು ತೂಗಿದ, ಹೆಪ್ಪುಗಟ್ಟಿಸಿದ, ಮತ್ತೆ ತೂಗಿದ. ತೂಕ ಏರಲಿಲ್ಲ. ಬಗೆಬಗೆಯ ಉಪ್ಪುಗಳನ್ನು ಒಂದೊಂದಾಗಿ ಹಿಮಕ್ಕೆ ಬೆರೆಸಿ, ಗಾಜಿನ ಹೊರಮೈಗೆ ಬಿಳಿಯ ಮಂಜು ಕಟ್ಟುವುದನ್ನು ಕಾದು ಕುಳಿತ. ಹಿಮವನ್ನು ಬೇಗ ಕರಗಿಸಿದ ಉಪ್ಪುಗಳೇ ಚೆನ್ನಾಗಿ ತಣಿಸಿದವು. 1665ರಲ್ಲಿ ಇದೆಲ್ಲವನ್ನೂ ದಪ್ಪ ಪುಸ್ತಕವಾಗಿ ಹೊರತಂದ. ಆದರೂ ಗುಟ್ಟು ಬಯಲಾಗಲಿಲ್ಲ. ತಂಪನ್ನು ಅಳೆಯಲು ನೆಚ್ಚುವಂಥ ಮಾಪಕವೇ ಅವನ ಬಳಿ ಇರಲಿಲ್ಲ.

ಆ ಮಾಪಕ ಬಂದದ್ದು ತಬ್ಬಲಿಯೊಬ್ಬನಿಂದ. 1701ರ ಆಗಸ್ಟಿನಲ್ಲಿ ಡಾನ್ಸಿಗ್ ಊರಿನಲ್ಲಿ ವಿಷದ ಅಣಬೆ ತಿಂದು ತಂದೆತಾಯಿ ಇಬ್ಬರೂ ಸತ್ತಾಗ ಡೇನಿಯಲ್ ಫ್ಯಾರನ್‌ಹೀಟ್‌ಗೆ 15 ವರ್ಷ. ವ್ಯಾಪಾರ ಕಲಿಯಲೆಂದು ಆಮ್‌ಸ್ಟರ್‌ಡ್ಯಾಮಿಗೆ ಕಳಿಸಿದರೆ ಹುಡುಗ ಗಾಜಿನ ಕೊಳವೆಗಳಿಗೆ ಮನಸೋತ. ಹೊಣೆ ಹೊತ್ತವರ ಸಿಟ್ಟಿಗೆ ಜಗ್ಗದೆ ಊರೂರು ಅಲೆದು, ಕೊನೆಗೆ ಪಾದರಸದ ಉಷ್ಣತಾಮಾಪಕ ಮಾಡಿದ. 1724ರಲ್ಲಿ ಅವನು ವಿವರಿಸಿದ ಅಳತೆಯಲ್ಲಿ ಮಂಜುಗಡ್ಡೆ, ನೀರು, ನವಸಾಗರ ಬೆರೆತ ರಾಡಿಗೆ ಸೊನ್ನೆ ಡಿಗ್ರಿ. ಉಪ್ಪಿಲ್ಲದ ಮಂಜುನೀರಿಗೆ 32. ಒಗಟಿಗೆ ಈಗ ಅಂಕಿ ಸಿಕ್ಕಿತು.

1761ರ ಸುಮಾರಿನ ಚಳಿಗಾಲ. ಗ್ಲಾಸ್ಗೋದ ಖಾಲಿ ಹಜಾರವೊಂದರಲ್ಲಿ ಜೋಸೆಫ್ ಬ್ಲ್ಯಾಕ್ ಎರಡು ಗಾಜಿನ ಬುರುಡೆಗಳನ್ನು ತೂಗುಹಾಕಿದ. ಒಂದರಲ್ಲಿ ಮಂಜುಗಡ್ಡೆ, ಇನ್ನೊಂದರಲ್ಲಿ ಅಷ್ಟೇ ತೂಕದ, ಫ್ಯಾರನ್‌ಹೀಟ್ ಅಳತೆಯ 33 ಡಿಗ್ರಿಯ ನೀರು. ಅರ್ಧ ಗಂಟೆಯಲ್ಲಿ ನೀರು 40 ಡಿಗ್ರಿಗೆ ಏರಿತು. ಮಂಜುಗಡ್ಡೆ ಕರಗುತ್ತ ಕುಳಿತಿತ್ತು. ಗಂಟೆಗಳು ಕಳೆದವು. ಅದು ಪೂರ್ತಿ ಕರಗಿ 40 ಡಿಗ್ರಿ ಮುಟ್ಟಲು ಹತ್ತೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಹಜಾರದ ಶಾಖ ಅದರೊಳಗೆ ಇಳಿಯುತ್ತಲೇ ಇತ್ತು, ಪಾದರಸಕ್ಕೆ ಮಾತ್ರ ಕಾಣುತ್ತಿರಲಿಲ್ಲ. ಕರಗುವ ಕೆಲಸವೇ ಆ ಶಾಖವನ್ನು ನುಂಗಿತ್ತು. ಬ್ಲ್ಯಾಕ್ ಅದನ್ನು ಗುಪ್ತೋಷ್ಣ ಎಂದ.

ಹಾಗಾದರೆ ಉಪ್ಪಿನ ಪಾತ್ರವೇನು? ಉಪ್ಪು ಹೆಚ್ಚಿದಷ್ಟೂ ನೀರು ಹೆಪ್ಪುಗಟ್ಟುವ ಬಿಂದು ಅದೇ ಪ್ರಮಾಣದಲ್ಲಿ ಕೆಳಗಿಳಿಯುತ್ತದೆಂದು 1788ರಲ್ಲಿ ಚಾರ್ಲ್ಸ್ ಬ್ಲಾಗ್ಡನ್ ತೋರಿಸಿದ. ಆದರೆ ಉಪ್ಪಿನ ಅಣುಗಳು ಅಷ್ಟೇ ಸಂಖ್ಯೆಯ ಸಕ್ಕರೆಯ ಅಣುಗಳಿಗಿಂತ ಸುಮಾರು ಎರಡು ಪಟ್ಟು ಇಳಿಸುತ್ತಿದ್ದವು. ನೀರಿನಲ್ಲಿ ಉಪ್ಪು ಎರಡು ಅಯಾನುಗಳಾಗಿ, ಅಂದರೆ ವಿದ್ಯುದಾವೇಶವುಳ್ಳ ಕಣಗಳಾಗಿ ಒಡೆಯುತ್ತದೆ ಎಂದವನು ಸ್ವೀಡನ್ನಿನ ಸ್ವಾಂಟೆ ಅರೀನಿಯಸ್. ಈ ವಿಚಾರದ ಬೀಜವಿದ್ದ ಅವನ 1884ರ ಪ್ರಬಂಧಕ್ಕೆ ಉಪ್ಸಾಲಾದ ಪ್ರಾಧ್ಯಾಪಕರು ಕೆಳದರ್ಜೆ ಕೊಟ್ಟರು. 1903ರಲ್ಲಿ ಅವನಿಗೆ ನೊಬೆಲ್ ಬಂತು.

ಉತ್ತರ ಇಷ್ಟೇ. ಮಂಜುಗಡ್ಡೆಯ ಮೈಯಿಂದ ಅಣುಗಳು ನೀರಿಗೆ ಕಳಚಿಕೊಳ್ಳುತ್ತಿರುತ್ತವೆ, ನೀರಿನಿಂದ ಮರಳಿ ಅಂಟುತ್ತಲೂ ಇರುತ್ತವೆ. ಉಪ್ಪಿನ ಅಯಾನುಗಳು ನೀರಿನಲ್ಲಿ ಸೇರಿದರೆ ಮರಳುವವು ಕಡಿಮೆಯಾಗುತ್ತವೆ, ಮಂಜು ಕರಗತೊಡಗುತ್ತದೆ. ಕರಗಲು ಬೇಕಾದ ಶಾಖವನ್ನು ಆ ಮಿಶ್ರಣದಿಂದಲೇ ಎಳೆದುಕೊಳ್ಳುವುದರಿಂದ ಎಲ್ಲವೂ ತಣ್ಣಗಾಗುತ್ತದೆ. ಅಡುಗೆ ಉಪ್ಪಿನಿಂದ ಮೈನಸ್ 21 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯಬಹುದು.

ಕುಲ್ಫಿ ಮಾರುವವನು ಅಚ್ಚುಗಳ ಸುತ್ತ ಜಜ್ಜಿದ ಐಸು, ಕಲ್ಲುಪ್ಪು ತುಂಬಿದಾಗ ಅವನ ಮಡಕೆಯಲ್ಲಿ ನಡೆಯುವುದೂ ಇದೇ. ಐಸು ಪೂರ್ತಿ ಕರಗಿದ ಮೇಲೆ ಎಷ್ಟು ಉಪ್ಪು ಸುರಿದರೂ ಕುಲ್ಫಿ ಗಟ್ಟಿಯಾಗುವುದಿಲ್ಲ.