ಅರಣ್ಯ ಓದಿದ ಎರಡು ವರ್ಷ: ತೋಟದ ಮರ ಅಳೆಯೋಕೆ ಕಲಿತದ್ದು

"ಫಾರೆಸ್ಟ್ರಿ ಓದಿದ್ರೆ ಏನು ಸಿಗುತ್ತೆ ಅಣ್ಣ? ಆರ್‌ಎಫ್‌ಒ ಆಗಬಹುದಾ?" ಪಿಯುಸಿ ಮುಗಿಸಿದ ಹುಡುಗರು, ಬಿಎಸ್ಸಿ ಅಗ್ರಿ ಕೊನೆ ವರ್ಷದವರು ನನ್ನನ್ನ ಪದೇ ಪದೇ ಕೇಳೋ ಪ್ರಶ್ನೆ ಇದು. ಕೆಲಸದ ಮಾತನ್ನ ಆಮೇಲೆ ಹೇಳ್ತೀನಿ. ಮೊದಲು ನಮ್ಮ ತೋಟದ 40 ಬೊಡ್ಡೆಗಳ ವಿಷಯ ಹೇಳಬೇಕು. ಆ ಓದು ಯಾತಕ್ಕೆ ಬರುತ್ತೆ ಅಂತ ನನಗೆ ಗೊತ್ತಾದದ್ದು ಅಲ್ಲೇ.

ನಮ್ಮದು ಸಕಲೇಶಪುರ ಕಡೆ ನಾಲ್ಕು ಎಕರೆ ಕಾಫಿ. ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸೋಕೆ ಸಿಲ್ವರ್ ಮರ ಇದೆ. ನನಗೆ ಎಂಎಸ್ಸಿ ಸೀಟು ಸಿಕ್ಕಾಗ ಫೀಸು, ಹಾಸ್ಟೆಲ್ಲು, ಮೆಸ್ಸು ಅಂತ ಒಂದೇ ಸಲ ದುಡ್ಡು ಬೇಕಾಯ್ತು. ಕಾಫಿ ಕುಯ್ಲಿಗೆ ಇನ್ನೂ ತಿಂಗಳುಗಟ್ಟಲೆ ಇತ್ತು. ಅಪ್ಪ 40 ಸಿಲ್ವರ್ ಕೊಟ್ಟುಬಿಡೋಣ ಅಂದ್ರು. ಏಜೆಂಟ್ ಬಂದ, ತೋಟದಲ್ಲಿ ಒಂದು ಸುತ್ತು ಹಾಕಿದ, ಮೇಲೆ ಕೆಳಗೆ ನೋಡಿದ. "ಎಲ್ಲಾ ಸೇರಿ 450 ಅಡಿ ಬಿದ್ರೆ ಹೆಚ್ಚು ಗೌಡ್ರೆ" ಅಂದ. ಅಡಿ ಅಂದ್ರೆ ಇಲ್ಲಿ ಘನ ಅಡಿ. ಟೇಪು ಯಾರ ಕೈಯಲ್ಲೂ ಇರಲಿಲ್ಲ. ಒಟ್ಟು ಮಾತಿಗೆ ವ್ಯಾಪಾರ ಮುಗೀತು, ಆ ದುಡ್ಡು ಹಿಡ್ಕೊಂಡು ನಾನು ಶಿರಸಿ ಬಸ್ ಹತ್ತಿದೆ.

ಕರ್ನಾಟಕದಲ್ಲಿ ಅರಣ್ಯ ಓದಬೇಕು ಅಂದ್ರೆ ಮುಖ್ಯವಾಗಿ ಎರಡು ಕಡೆ ಹೆಸರು ಬರುತ್ತೆ. ಒಂದು, ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಶಿರಸಿಯ ಅರಣ್ಯ ಕಾಲೇಜು. ಇನ್ನೊಂದು ಕೊಡಗಿನ ಪೊನ್ನಂಪೇಟೆಯದು, ಅದು ಈಗ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಕೆಳಗಿದೆ. ಪಿಯುಸಿ ಆದ್ಮೇಲೆ ಸೇರೋ ಬಿಎಸ್ಸಿ ಫಾರೆಸ್ಟ್ರಿ ನಾಲ್ಕು ವರ್ಷದ್ದು. ಸಿಇಟಿ ಮೂಲಕ ಸೀಟು, ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಉಂಟು, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬರೀಬೇಕು. ನಾನು ಮಾಡಿದ್ದು ಅದಾದ ಮೇಲಿನ ಎರಡು ವರ್ಷದ ಎಂಎಸ್ಸಿ. ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲೂ ಎರಡು ವರ್ಷದ ಎಂಎಸ್ಸಿ ಇದೆ, ಮರ ವಿಜ್ಞಾನ ಮತ್ತು ತಂತ್ರಜ್ಞಾನ ಅಂತಲೇ ಒಂದು ಪ್ರತ್ಯೇಕ ವಿಭಾಗವೂ ಇದೆ. ಬಿಎಸ್ಸಿ ಕೃಷಿ ಮಾಡಿದವರಿಗೂ ಕೆಲವು ವಿಭಾಗಗಳಲ್ಲಿ ಅವಕಾಶ ಕೊಡ್ತಾರೆ. ಆಯಾ ವರ್ಷದ ಅಧಿಸೂಚನೆಯಲ್ಲಿ ಅರ್ಹತೆ ಏನು ಬರೆದಿದ್ದಾರೆ ಅಂತ ನೀವೇ ಓದಿ, ಸೀನಿಯರ್ ಹೇಳಿದ್ದನ್ನ ನಂಬಿ ಕೂರಬೇಡಿ.

ನಾನು ಕೃಷಿ ಪದವಿಯಿಂದ ಬಂದವನು. ಹಾಗಾಗಿ ಮರದ ಮೂಲ ಪಾಠಗಳನ್ನ ಡಿಫಿಷಿಯನ್ಸಿ ಕೋರ್ಸ್ ಅಂತ ಬಿಎಸ್ಸಿ ಹುಡುಗರ ಜೊತೆ ಕೂತು ಓದಬೇಕಾಯ್ತು. ಮೊದಮೊದಲು ನಾಚಿಕೆ ಆಗ್ತಿತ್ತು. ಆದ್ರೆ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಪಾಠಗಳೇ. ಮರ ಗುರುತಿಸೋ ತರಗತಿಯಲ್ಲಿ ಲ್ಯಾಟಿನ್ ಹೆಸರು ಯಾಕಪ್ಪಾ ಅಂತ ಬೈಕೊಳ್ತಿದ್ದೆ. ನಮ್ಮ ಕಡೆ ಹುಣಾಲು ಅನ್ನೋ ಮರವನ್ನೇ ಶಿರಸಿ ಕಡೆಯವರು ಕಿಂದಲ ಅಂತಾರೆ ಅಂತ ಗೊತ್ತಾದ ದಿನ ಬೈಯೋದು ನಿಲ್ತು. ಕಾಡಿನ ತಿರುಗಾಟ ಜಾಸ್ತಿ. ಜಿಗಣೆ, ಮಳೆ, ಒದ್ದೆ ಬೂಟು ಎಲ್ಲಾ ಸಿಲಬಸ್‌ನಲ್ಲಿ ಬರೆಯದೇ ಇರೋ ಪಾಠ.

ಮೊದಲ ಸೆಮಿಸ್ಟರ್‌ನಲ್ಲೇ ಮರ ಅಳೆಯೋ ಪಾಠ ಬಂತು. ರಜೆಗೆ ಮನೆಗೆ ಹೋದಾಗ ಸುಮ್ಮನೆ ಅಭ್ಯಾಸಕ್ಕೆ ಅಂತ ಟೇಪು ಹಿಡಿದು ತೋಟಕ್ಕೆ ಇಳಿದೆ. ಕಡಿದ 40 ಬೊಡ್ಡೆಗಳೂ ಹಾಗೇ ಇದ್ದವು. ಪಕ್ಕದಲ್ಲಿ ಉಳಿದಿದ್ದ ಅದೇ ವಯಸ್ಸಿನ ಮರಗಳಲ್ಲಿ ಬುಡದ ಸುತ್ತಳತೆ ಇಷ್ಟಿದ್ರೆ ಎದೆ ಮಟ್ಟದಲ್ಲಿ ಎಷ್ಟು, ದಿಮ್ಮಿ ಎಷ್ಟು ಉದ್ದ ಬರುತ್ತೆ ಅಂತ ನೋಡಿ, ಅದನ್ನ ಬೊಡ್ಡೆಗಳಿಗೆ ಹೊಂದಿಸಿದೆ. ಲೆಕ್ಕ ಸುಮಾರು 650 ಅಡಿಗೆ ಬಂತು. ಎಷ್ಟು ಕೈ ಬಿಗಿ ಹಿಡಿದು ಹಾಕಿದ್ರೂ 600ಕ್ಕಿಂತ ಕೆಳಗೆ ಇಳೀಲಿಲ್ಲ. 450 ಅಂತ ಮಾರಿದ್ವಿ.

ಅಪ್ಪನಿಗೆ ಹೇಳಲೋ ಬೇಡವೋ ಅಂತ ಎರಡು ದಿನ ಸುಮ್ಮನಿದ್ದೆ. ಬೊಡ್ಡೆ ಬೊಡ್ಡೆಗೂ ಟೇಪು ಸುತ್ತಿದ್ದನ್ನ ನೋಡಿದ್ರು, ಅವರೇ ಕೇಳಿದ್ರು. ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆಗ ಗೊತ್ತಿರಲಿಲ್ಲ ಕಣೋ. ಉಳಿದಿರೋವಕ್ಕೆ ನಂಬರ್ ಹಾಕು" ಅಂದ್ರು.

ಈಗ ಅಳೆಯೋ ಕೆಲಸಕ್ಕೆ ಬರೋಣ. ಇದಕ್ಕೆ ಕಾಲೇಜು ಬೇಕಾಗಿಲ್ಲ, ಒಂದು ಟೇಪು, ನಿಮ್ಮ ಫೋನು ಸಾಕು. ಬಟ್ಟೆ ಟೇಪು ಎಳೆದ್ರೆ ಹಿಗ್ಗುತ್ತೆ, ಫೈಬರ್ ಟೇಪು ತಗೊಳ್ಳಿ.

ನಿಂತ ಮರದ ಸುತ್ತಳತೆಯನ್ನ ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದ್ರೆ ನಾಲ್ಕೂವರೆ ಅಡಿಯಲ್ಲಿ ತೆಗೀತಾರೆ. ಇದಕ್ಕೆ ಎದೆ ಮಟ್ಟ ಅಂತ ಹೆಸರು. ಬುಡದ ಉಬ್ಬು ಲೆಕ್ಕಕ್ಕೆ ಸೇರಬಾರದು, ಎಲ್ಲಾ ಮರಕ್ಕೂ ಒಂದೇ ಅಳತೆ ಇರಬೇಕು, ಬಗ್ಗದೆ ಟೇಪು ಸುತ್ತೋಕೂ ಆಗಬೇಕು, ಅದಕ್ಕೆ ಈ ಎತ್ತರ. ಇಳಿಜಾರಿನಲ್ಲಿ ಮರದ ಮೇಲ್ಬದಿಯ ನೆಲದಿಂದ ಎತ್ತರ ಹಿಡೀರಿ. ಆ ಮಟ್ಟದ ಕೆಳಗೇ ಕವಲಾಗಿದ್ರೆ ಎರಡು ಮರ ಅಂತ ಲೆಕ್ಕ. ಟೇಪು ಓರೆ ಆಗಬಾರದು, ಓರೆ ಆದ್ರೆ ಅಳತೆ ಜಾಸ್ತಿ ತೋರಿಸುತ್ತೆ. ಕಾಫಿ ತೋಟದವರಿಗೆ ಒಂದು ಮಾತು: ಮೆಣಸಿನ ಬಳ್ಳಿ ಮೇಲೆ ಟೇಪು ಸುತ್ತಬೇಡಿ, ಬಳ್ಳಿಯ ಕೆಳಗೆ ತೂರಿಸಿ. ಇಲ್ಲಾಂದ್ರೆ ಬಳ್ಳಿ ಇದೆ ಅಂತ ಹೇಳಿ ಏಜೆಂಟ್ ಮನಸ್ಸಿಗೆ ಬಂದಷ್ಟು ಕಳೀತಾನೆ, ನಿಮ್ಮ ಹತ್ರ ಉತ್ತರ ಇರಲ್ಲ.

ಎತ್ತರಕ್ಕೆ ಕಾಲೇಜಿನಲ್ಲಿ ಹಾಗಾ ಆಲ್ಟಿಮೀಟರ್, ಬ್ಲೂಮ್ ಲೈಸ್ ಅಂತ ಉಪಕರಣ ಕೊಡ್ತಿದ್ರು. ನಮಗೆ ಫೋನಿನಲ್ಲಿ ಕೋನ ಅಳೆಯೋ ಆ್ಯಪ್ ಸಾಕು. ಮರದ ಬುಡದಷ್ಟೇ ಮಟ್ಟದ ನೆಲದಲ್ಲಿ ಹಿಂದೆ ಹಿಂದೆ ನಡೀರಿ. ಫೋನಿನಲ್ಲಿ ತುದಿ ನೋಡಿದಾಗ ಕೋನ ಸರಿಯಾಗಿ 45 ಡಿಗ್ರಿ ತೋರಿಸೋ ಜಾಗದಲ್ಲಿ ನಿಲ್ಲಿ. ಅಲ್ಲಿಂದ ಮರಕ್ಕೆ ಇರೋ ದೂರ, ಅದಕ್ಕೆ ನಿಮ್ಮ ಕಣ್ಣಿನ ಎತ್ತರ ಸೇರಿಸಿದ್ರೆ ಮರದ ಎತ್ತರ. ಗುಡ್ಡದ ತೋಟದಲ್ಲಿ ಮೇಲಿನಿಂದಲೋ ಕೆಳಗಿನಿಂದಲೋ ನೋಡಿದ್ರೆ ತಪ್ಪಾಗುತ್ತೆ, ಅಡ್ಡಕ್ಕೆ ಅದೇ ಮಟ್ಟದಲ್ಲಿ ಸರಿಯಿರಿ. ಮಾರಾಟಕ್ಕೆ ಇಡೀ ಎತ್ತರ ಬೇಕಿಲ್ಲ. ದಿಮ್ಮಿ ಎಲ್ಲಿವರೆಗೆ ಸಿಗುತ್ತೋ ಆ ಜಾಗಕ್ಕೆ ಗುರಿ ಇಟ್ಟು ನೋಡಿ.

ಇನ್ನು ದಿಮ್ಮಿ ಲೆಕ್ಕ. ನಮ್ಮಲ್ಲಿ ವ್ಯಾಪಾರ ನಡೆಯೋದು ಕ್ವಾರ್ಟರ್ ಗರ್ತ್ ಸೂತ್ರದಲ್ಲಿ. ದಿಮ್ಮಿಯ ನಡುಮಧ್ಯದ ಸುತ್ತಳತೆ ಇಂಚಿನಲ್ಲಿ ತಗೊಳ್ಳಿ. ನಾಲ್ಕರಿಂದ ಭಾಗಿಸಿ. ಬಂದದ್ದನ್ನ ಅದರಿಂದಲೇ ಗುಣಿಸಿ, ಆಮೇಲೆ ಉದ್ದದ ಅಡಿಯಿಂದ ಗುಣಿಸಿ, ಕೊನೆಗೆ 144ರಿಂದ ಭಾಗಿಸಿ. ಬಂದದ್ದು ಘನ ಅಡಿ. ಮಧ್ಯದಲ್ಲಿ 48 ಇಂಚು, ಉದ್ದ 10 ಅಡಿ ಇರೋ ದಿಮ್ಮಿ ತಗೊಂಡ್ರೆ 10 ಘನ ಅಡಿ.

ಆದ್ರೆ ಆ ದಿಮ್ಮಿಯಲ್ಲಿ ನಿಜವಾಗಿ ಇರೋದು 12.7 ಘನ ಅಡಿಗೂ ಹೆಚ್ಚು. ಈ ಸೂತ್ರ ದುಂಡು ದಿಮ್ಮಿಯ ಶೇ 78.5ರಷ್ಟನ್ನ ಮಾತ್ರ ಲೆಕ್ಕಕ್ಕೆ ಹಿಡಿಯುತ್ತೆ. ಉಳಿದ ಶೇ 21.5 ತೊಗಟೆಗೆ, ಕೊಯ್ಯುವಾಗ ಹೋಗೋ ಅಂಚಿಗೆ ಅಂತ ಸೂತ್ರದೊಳಗೇ ಬಿಟ್ಟಾಗಿದೆ. ಇದೊಂದನ್ನ ತಲೇಲಿ ಇಟ್ಕೊಳ್ಳಿ. ಯಾಕಂದ್ರೆ ಏಜೆಂಟ್ ಮೊದಲು "ತೊಗಟೆಗೆ ಎರಡು ಇಂಚು ಬಿಡಿ" ಅಂತಾನೆ, ಆಮೇಲೆ ಇದೇ ಸೂತ್ರ ಹಾಕ್ತಾನೆ. ಒಂದೇ ತೊಗಟೆಗೆ ಎರಡು ಸಲ ಬಿಟ್ಟ ಹಾಗಾಯ್ತು. 48 ಇಂಚು 46 ಆದ್ರೆ 10 ಅಡಿ 9.18ಕ್ಕೆ ಇಳೀತು.

ಅದಕ್ಕಿಂತ ದೊಡ್ಡ ಪೆಟ್ಟು ಟೇಪು ಎಲ್ಲಿ ಸುತ್ತುತ್ತಾರೆ ಅನ್ನೋದರಲ್ಲಿದೆ. ಮಧ್ಯದ ಬದಲು ಸಪೂರ ತುದಿಯಲ್ಲಿ ಸುತ್ತಿದ್ರು ಅಂದ್ಕೊಳ್ಳಿ, ಅಲ್ಲಿ 42 ಇಂಚು ಇದೆ. ಲೆಕ್ಕ 7.66 ಅಡಿಗೆ ಬಂತು. ಅದರಲ್ಲೂ ತೊಗಟೆಗೆ ಎರಡು ಇಂಚು ಬಿಟ್ರೆ 6.94. ಅದೇ ದಿಮ್ಮಿ, ಅದೇ ಸೂತ್ರ, ಸುಳ್ಳು ಲೆಕ್ಕ ಅಂತ ಯಾರೂ ಹೇಳೋಕಾಗಲ್ಲ, ಆದ್ರೂ ಹತ್ತರಲ್ಲಿ ಮೂರು ಅಡಿ ಹೋಯ್ತು. ಎಲ್ಲಾ ಏಜೆಂಟರೂ ಹೀಗೇ ಅಂತ ಹೇಳ್ತಿಲ್ಲ. ಲೋಡಿಂಗು, ಲಾರಿ, ಟೊಳ್ಳು ಮರದ ಅಪಾಯ ಅವರ ತಲೆ ಮೇಲೂ ಇರುತ್ತೆ. ಅದನ್ನೆಲ್ಲಾ ದರದಲ್ಲಿ ಮಾತಾಡಲಿ, ಟೇಪಿನಲ್ಲಿ ಬೇಡ.

ಎರಡನೇ ವರ್ಷ ಪೂರ್ತಿ ಸಂಶೋಧನೆ, ಪ್ರಬಂಧ. ಇಲ್ಲೊಂದು ತಮಾಷೆ ಇದೆ. ರಾಗಿ ಮೇಲೆ ಪ್ರಯೋಗ ಮಾಡೋ ಗೆಳೆಯ ನಾಲ್ಕು ತಿಂಗಳಲ್ಲಿ ಬೆಳೆ ಕುಯ್ದು ಅಂಕಿ ಬರ್ಕೊಂಡ. ನಮ್ಮ ಮರ ಎರಡು ವರ್ಷದಲ್ಲಿ ಏನು ಬೆಳೆಯುತ್ತೆ? ಅದಕ್ಕೇ ಅರಣ್ಯದ ವಿದ್ಯಾರ್ಥಿಗಳು ಬೀಜ ಮೊಳಕೆ, ನರ್ಸರಿ ವಿಷಯ ತಗೋತಾರೆ, ಇಲ್ಲಾ ಬೇರೆಯವರು ಎಂದೋ ನೆಟ್ಟ ಮರ ಅಳೀತಾರೆ. ನಾನು ಎರಡನೇ ದಾರಿ ಹಿಡಿದು ಹಾವೇರಿ ಕಡೆ ಹೊಲಗಳಲ್ಲಿ ಹೆಬ್ಬೇವು ಅಳೆದೆ. ಒತ್ತೊತ್ತಾಗಿ ನೆಟ್ಟು ಹಾಗೇ ಬಿಟ್ಟ ಕಡೆ ಮರ ಉದ್ದ ಇತ್ತು, ದಪ್ಪ ಇರಲಿಲ್ಲ. ಅದೇ ಹೊಲದ ಅಂಚಿನ ಸಾಲು, ಬಿಸಿಲು ಸಿಕ್ಕಿದ್ದಕ್ಕೆ, ದಪ್ಪ ಇತ್ತು. ಒಳಗಿನ ಸಾಲಿನಲ್ಲಿ ಕೆಲವು ಮರ ತೆಗೀರಿ, ಉಳಿದವು ದಪ್ಪ ಆಗ್ತವೆ ಅಂದ್ರೆ ರೈತರು ಒಪ್ಪೋದೇ ಇಲ್ಲ, ನೆಟ್ಟ ಕೈಯಿಂದ ಕಡಿಯೋದು ಹೇಗೆ ಅಂತಾರೆ. ಲೆಕ್ಕ ನೋಡಿ: ಒಂದೇ ಉದ್ದದ ಎರಡು ದಿಮ್ಮಿಯಲ್ಲಿ ಒಂದರ ಸುತ್ತಳತೆ 2 ಅಡಿ, ಇನ್ನೊಂದರದ್ದು 3 ಅಡಿ ಇದ್ರೆ, ದಪ್ಪದ್ದರಲ್ಲಿ ಎರಡೂ ಕಾಲು ಪಟ್ಟು ಮರ ಇರುತ್ತೆ. ಪೈರು ಕಳೆಯೋಕೆ ಹಿಂದೆಮುಂದೆ ನೋಡದವರು ಮರದ ವಿಷಯದಲ್ಲಿ ಮಾತ್ರ ಹೆದರ್ತೀವಿ. "ಎಕರೆಗೆ ಇಷ್ಟು ಲಕ್ಷ" ಅಂತ ಫೋನಿಗೆ ಬರೋ ಹೆಬ್ಬೇವು ವಿಡಿಯೋಗಳಲ್ಲಿ ಈ ಮಾತು ಬರೋದು ಕಮ್ಮಿ.

ಕಡಿಯೋ ಮುಂಚೆ ಕಾನೂನು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು. ಸಿಲ್ವರ್ ಓಕ್, ನೀಲಗಿರಿ, ಸುಬಾಬುಲ್, ಗ್ಲಿರಿಸಿಡಿಯಾ, ತೆಂಗು, ರಬ್ಬರ್ ಇಂಥ ಕೆಲವಕ್ಕೆ ಕಡಿಯೋ ಅನುಮತಿಯಿಂದ ವಿನಾಯಿತಿ ಇದೆ. ತೇಗ, ಬೀಟೆಗೆ ಇಲ್ಲ. ಶ್ರೀಗಂಧದ ವಿಷಯದಲ್ಲಿ 2001ರ ತಿದ್ದುಪಡಿ ಆದ್ಮೇಲೆ ಜಮೀನಿನವರೇ ಮರದ ಒಡೆಯರು, ಆದ್ರೂ ಕಡಿಯೋಕೆ ಇಲಾಖೆ ಮೂಲಕವೇ ಹೋಗಬೇಕು. ಜಮೀನು ಸರ್ಕಾರದಿಂದ ಮಂಜೂರಾಗಿ ಬಂದಿದ್ರೆ ಅದರಲ್ಲಿದ್ದ ಹಳೇ ಮರದ ಹಕ್ಕು ಸರ್ಕಾರದ್ದೇ ಆಗಿರಬಹುದು, ಕಾಗದ ತೆಗೆದು ನೋಡಿ. ಸಾಗಣೆ ಪರ್ಮಿಟ್ ಬೇಕೋ ಬೇಡವೋ ಅನ್ನೋದನ್ನ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ, ಲಾರಿ ಬಂದ ದಿನ ಅಲ್ಲ, ವಾರ ಮುಂಚೆ. ಅಲ್ಲಿಗೆ ಹೋದಾಗಲೇ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ವಿಚಾರಿಸಿ. ಇಲಾಖೆ ನರ್ಸರಿಯಿಂದ ತಂದು ನೆಟ್ಟ ಸಸಿ ಬದುಕಿದ್ರೆ ಮೂರು ವರ್ಷ ಕಂತಿನಲ್ಲಿ ಪ್ರೋತ್ಸಾಹಧನ ಬರುತ್ತೆ.

ಕೆಲಸದ ಮಾತು. ಎಸಿಎಫ್, ಆರ್‌ಎಫ್‌ಒ ನೇಮಕದಲ್ಲಿ ಫಾರೆಸ್ಟ್ರಿ ಪದವೀಧರರಿಗೆ ಒಂದು ಪಾಲು ಇದೆ ನಿಜ. ಆದ್ರೆ ಅಧಿಸೂಚನೆ ಪ್ರತಿ ವರ್ಷ ಬರಲ್ಲ. ಅದೊಂದನ್ನೇ ನಂಬಿ ಓದಿದ ನನ್ನ ಸಹಪಾಠಿಗಳಲ್ಲಿ ಕೆಲವರು ವರ್ಷಗಟ್ಟಲೆ ಕೋಚಿಂಗ್‌ನಲ್ಲೇ ಕಳೆದ್ರು. ಬ್ಯಾಂಕಿನ ಕೃಷಿ ಕ್ಷೇತ್ರಾಧಿಕಾರಿ ಪರೀಕ್ಷೆಗೆ ಫಾರೆಸ್ಟ್ರಿ ಪದವಿ ನಡೆಯುತ್ತೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಪ್ಲೈವುಡ್ ಕಂಪನಿಗಳು, ನರ್ಸರಿಗಳು ಜನ ತಗೋತಾರೆ, ಶುರುವಿನ ಸಂಬಳ ಹೇಳಿಕೊಳ್ಳೋ ಹಾಗಿರಲ್ಲ. ತೋಟ ಬಿಟ್ಟು ಎರಡು ವರ್ಷ ಹೋಗೋಕೆ ಆಗದವರು ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರು ನಡೆಸೋ ಶ್ರೀಗಂಧ ಬೇಸಾಯದಂಥ ಕಿರು ತರಬೇತಿಗಳನ್ನ ವಿಚಾರಿಸಬಹುದು. ಮನೆಯಲ್ಲಿ ಸಾಲ ಇದ್ದು, ಪದವಿ ಮುಗಿದ ತಕ್ಷಣ ಸಂಬಳ ಬೇಕೇ ಬೇಕು ಅನ್ನೋ ಸ್ಥಿತಿ ಇದ್ರೆ ನಾನು ಈ ಎಂಎಸ್ಸಿ ಮಾಡಿ ಅಂತ ಹೇಳಲ್ಲ. ತೋಟ ಇದೆ, ವಾಪಸ್ ಬರೋ ಮನಸ್ಸಿದೆ ಅಂದ್ರೆ ಹೇಳ್ತೀನಿ.

ಓದು ಮುಗಿಸಿ ಬಂದ ಮೇಲೆ ಮನೆ ರಿಪೇರಿಗೆ 25 ಸಿಲ್ವರ್ ಮಾರಿದ್ವಿ. ಈ ಸಲ ಬೇರೆ ಏಜೆಂಟ್. ಮರಕ್ಕೆಲ್ಲಾ ಬಿಳಿ ಬಣ್ಣದಲ್ಲಿ ನಂಬರ್ ಇತ್ತು, ಫೋನಿನಲ್ಲಿ ಪಟ್ಟಿ ಇತ್ತು. ಒಟ್ಟು ಮಾತು ಬೇಡ, ಕಡಿದ ಮೇಲೆ ದಿಮ್ಮಿ ಮಧ್ಯ ಅಳತೆ, ಅಡಿಗೆ ಇಷ್ಟು ದರ, ತೊಗಟೆಗೆ ಬಿಡೋದಿಲ್ಲ ಅಂತ ಅಪ್ಪನೇ ಮಾತಾಡಿದ್ರು. ಅವನು ಪಟ್ಟಿ ನೋಡಿದ, ದರದಲ್ಲಿ ಸ್ವಲ್ಪ ಜಗ್ಗಾಡಿದ, ಒಪ್ಪಿದ. ನಿಂತ ಮರದಲ್ಲಿ ನನ್ನ ಅಂದಾಜು 390 ಅಡಿ ಇತ್ತು, ಕಡಿದು ಅಳೆದಾಗ 372 ಬಂತು. ಎರಡು ಮರ ಒಳಗೆ ಟೊಳ್ಳಾಗಿದ್ವು, ಅದಕ್ಕೆ ಕಮ್ಮಿ. ಅದನ್ನ ಹೊರಗಿನಿಂದ ಕಂಡುಹಿಡಿಯೋಕೆ ನನಗೆ ಈಗಲೂ ಬರಲ್ಲ. ಅಪ್ಪ ಕತ್ತಿ ಹಿಂಬದಿಯಿಂದ ತಟ್ಟಿ ನೋಡಿ, ಏಳನೇ ನಂಬರು ಟೊಳ್ಳು ಅಂತ ಕಡಿಯೋ ಮುಂಚೆಯೇ ಹೇಳಿದ್ರು.