ಹಳೆಯ ಕಂಪ್ಯೂಟರುಗಳ ಕಳೆದುಹೋದ ಬೀಗದಕೈ

ಟ್ರಂಕು, ಕಪಾಟು, ಗಲ್ಲಾಪೆಟ್ಟಿಗೆ, ಬೈಸಿಕಲ್ಲು ಇವಕ್ಕೆ ಬೀಗ ಉಂಟೆಂಬುದನ್ನು ಎಲ್ಲರೂ ಬಲ್ಲರು. ಕಂಪ್ಯೂಟರಿಗೂ ಒಂದು ಕಾಲದಲ್ಲಿ ಬೀಗವಿತ್ತು ಎಂದರೆ ಈಗಿನ ಹುಡುಗರು ನಗುತ್ತಾರೆ. ಅವರು ಬಲ್ಲದ್ದು ಪಾಸ್‌ವರ್ಡ್ ಒಂದೇ. ಆದರೆ 1970ರಿಂದ ಹಿಡಿದು 1990ರ ದಶಕದವರೆಗೆ ತಯಾರಾದ ಅನೇಕ ಯಂತ್ರಗಳ ಮುಂಭಾಗದಲ್ಲಿ ದುಂಡನೆಯ ಒಂದು ಬೀಗವಿರುತ್ತಿತ್ತು. ಯಂತ್ರದ ಜೊತೆಗೆ ಅದರ ಬೀಗದಕೈಯೂ ಬರುತ್ತಿತ್ತು. ಯಂತ್ರಗಳು ಅಲ್ಲಲ್ಲಿ ಉಳಿದಿವೆ. ಬೀಗದಕೈಗಳು ಮಾತ್ರ ಯಾವ ಡ್ರಾಯರಿನ ತಳದಲ್ಲಿ ಸೇರಿದವೋ, ಯಾವ ಹೆಡ್‌ಕ್ಲಾರ್ಕರ ನಿವೃತ್ತಿಯೊಡನೆ ಹೊರಟುಹೋದವೋ, ಹೇಳುವವರಿಲ್ಲ.

ಇದರ ಮೇಲೊಂದು ಲೇಖನ ಬೇಕೇ ಎಂದು ವಾಚಕ ಬಂಧುಗಳು ಕೇಳಬಹುದು. ನಮ್ಮಲ್ಲಿ ಬಹುಮಂದಿ ಗುಮಾಸ್ತೆ ಕೆಲಸದವರು, ಇಲ್ಲವೇ ಗೋದಾಮು, ಗಿರಣಿ, ಕಾರಖಾನೆಗಳಲ್ಲಿ ದುಡಿಯುವವರು. ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವ ದಿನ ಅದನ್ನು ಎತ್ತಿ ಸಾಗಿಸುವವರು ನಾವೇ, ಪಟ್ಟಿ ಬರೆಯುವವರೂ ನಾವೇ. ಅಂಥ ಪೆಟ್ಟಿಗೆಯೊಳಗಿನ ಡಿಸ್ಕಿನಲ್ಲಿ ಹಿಂದಿನ ವರ್ಷಗಳ ಪಗಾರದ ಲೆಕ್ಕ, ಪ್ರಾವಿಡೆಂಟ್ ಫಂಡಿನ ಪಟ್ಟಿ, ಸೇವಾವಧಿಯ ದಾಖಲೆ ಇದ್ದಿರಬಹುದು. ಕಾಗದದ ಪ್ರತಿ ಗೆದ್ದಲಿಗೆ ಹೋಗಿದ್ದರೆ ಅದೊಂದೇ ಸಾಕ್ಷಿಯಾಗಿ ಉಳಿದಿರಲೂಬಹುದು. ಬೀಗದಕೈ ಇಲ್ಲವೆಂದು ಯಾರೋ ಉಳಿ ಸುತ್ತಿಗೆ ತರುತ್ತಾರೆ, ಇಲ್ಲವೇ ಡ್ರಿಲ್ ಹಾಕುತ್ತಾರೆ. ಮುಂಭಾಗದ ಪ್ಲಾಸ್ಟಿಕ್ ಸೀಳುತ್ತದೆ. ಡ್ರಿಲ್ಲಿನ ಲೋಹದ ಪುಡಿ ಒಳಗಿನ ಬೋರ್ಡಿನ ಮೇಲೆ ಉದುರಿ, ಕರೆಂಟು ಕೊಟ್ಟೊಡನೆ ಬೋರ್ಡು ಸುಡುತ್ತದೆ. ತೆರೆಯಲೆಂದು ಹೊರಟವರು ಕೊಂದು ಬರುತ್ತಾರೆ. ಇದಕ್ಕೆ ಕಾರಣವೇ ಇಲ್ಲ. ಆ ಬೀಗಗಳು ಅಷ್ಟೇನೂ ಗಹನವಾದವಲ್ಲ. ಹೊಸ ಬೀಗದಕೈ ಮಾಡಿಸಿಕೊಳ್ಳಲು ದಾರಿಗಳುಂಟು.

ಮೊದಲು ಬೀಗದ ಸ್ವರೂಪ ತಿಳಿಯೋಣ. ಇದಕ್ಕೆ ಬಳಸುತ್ತಿದ್ದುದು ಹೆಚ್ಚಾಗಿ ಕೊಳವೆ ಬೀಗ. ಬೀಗದಕೈ ನಮ್ಮ ಮನೆಯ ಬೀಗದಕೈಯಂತೆ ಚಪ್ಪಟೆಯಲ್ಲ. ಸುಮಾರು ಒಂಬತ್ತೂವರೆ ಮಿಲಿಮೀಟರ್ ದಪ್ಪದ ಸಣ್ಣ ಕೊಳವೆ. ಅದರ ಬಾಯಿಯ ಸುತ್ತ ಹಲ್ಲಿನಂತೆ ಕಚ್ಚುಗಳು. ಬೀಗದೊಳಗೆ ವೃತ್ತಾಕಾರವಾಗಿ ಏಳು ಕಡ್ಡಿಗಳು, ಒಂದೊಂದರ ಹಿಂದೆ ಒಂದೊಂದು ಸ್ಪ್ರಿಂಗು. ಪ್ರತಿಯೊಂದು ಕಡ್ಡಿಯೂ ಎರಡು ತುಂಡಾಗಿರುತ್ತದೆ. ಕೊಳವೆಯನ್ನು ಒತ್ತಿದಾಗ ಪ್ರತಿ ಕಚ್ಚೂ ತನ್ನೆದುರಿನ ಕಡ್ಡಿಯನ್ನು ತಕ್ಕಷ್ಟೇ ಒಳಕ್ಕೆ ತಳ್ಳುತ್ತದೆ. ಏಳೂ ಕಡ್ಡಿಗಳ ತುಂಡುಗಳ ಸಂದು ಒಂದೇ ಸಮತಲಕ್ಕೆ ಬಂದರೆ ಬೀಗ ತಿರುಗುತ್ತದೆ; ಒಂದು ಕಡ್ಡಿ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ತಿರುಗದು. ಕಚ್ಚಿನ ಆಳಕ್ಕೆ ಎಂಟು ಅಳತೆಗಳು, ಒಂದರಿಂದ ಇನ್ನೊಂದಕ್ಕೆ ಸುಮಾರು 0.4 ಮಿಲಿಮೀಟರ್ ಅಂತರ. ಏಳು ಸ್ಥಾನ, ಎಂಟು ಆಳ. ಲೆಕ್ಕ ಹಾಕಿದರೆ 20,97,152 ಬಗೆಯ ಬೀಗದಕೈಗಳಾಗುತ್ತವೆ.

ಇಷ್ಟೊಂದು ಬಗೆ ಸಾಧ್ಯವಿದ್ದರೂ ತಯಾರಕರು ಏನು ಮಾಡಿದರು ಎಂಬುದೇ ಇದರಲ್ಲಿನ ಸ್ವಾರಸ್ಯ. ಅಮೇರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮೇನಾರ್ಡ್ ಎಂಬ ಊರು. ಅಲ್ಲಿ ಅಸಬೆಟ್ ನದಿಯ ದಂಡೆಯ ಮೇಲೊಂದು ಹಳೆಯ ಉಣ್ಣೆಯ ಗಿರಣಿ. ಗಿರಣಿ ನಿಂತ ಮೇಲೆ, 1957ರಲ್ಲಿ, ಅದರ ಒಂದು ಭಾಗವನ್ನು ಬಾಡಿಗೆಗೆ ಹಿಡಿದು ಕೆನ್ ಓಲ್ಸನ್ ಮತ್ತು ಹಾರ್ಲನ್ ಆಂಡರ್ಸನ್ ಎಂಬಿಬ್ಬರು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪನಿ ತೆರೆದರು. ನೂಲಿನ ಸಾಂಚೆಗಳಿದ್ದಲ್ಲಿ ಕಂಪ್ಯೂಟರುಗಳು ತಯಾರಾದವು. (ಮುಂಬಯಿಯ ಲೋವರ್ ಪರೇಲಿನಲ್ಲಿ ಗಿರಣಿಗಳಿದ್ದ ಜಾಗದಲ್ಲಿ ಏನೇನು ಎದ್ದುನಿಂತಿದೆ ಎಂಬುದನ್ನು ಕಂಡವರಿಗೆ ಇದು ಹೊಸ ಮಾತೆನಿಸದು. ಅಲ್ಲಿ ಎದ್ದದ್ದು ಕಾರಖಾನೆಯೇ ಎಂಬುದೊಂದು ವ್ಯತ್ಯಾಸ.) ಆ ಕಂಪನಿಯ ಪಿಡಿಪಿ-8/ಇ ಮತ್ತು ಪಿಡಿಪಿ-11 ಯಂತ್ರಗಳು 1970ರಲ್ಲಿ ಬಂದವು, 1977ರಲ್ಲಿ ವ್ಯಾಕ್ಸ್-11/780 ಬಂತು. ಈ ಸಂತತಿಯ ಯಂತ್ರಗಳ ಬೀಗದಕೈಯ ಮೇಲೆ ಕೆತ್ತಿರುವ ಸಂಖ್ಯೆ ಸಾಮಾನ್ಯವಾಗಿ ಒಂದೇ: ಎಕ್ಸ್‌ಎಕ್ಸ್ 2247. ಇಪ್ಪತ್ತು ಲಕ್ಷ ಬಗೆಗಳಲ್ಲಿ ಒಂದನ್ನು ಆರಿಸಿ ಯಂತ್ರದಿಂದ ಯಂತ್ರಕ್ಕೆ ಅದನ್ನೇ ಹಾಕುತ್ತ ಹೋದರು!

ಇದನ್ನು ಹುಚ್ಚುತನವೆಂದು ನಾವು ಭಾವಿಸುವುದಿಲ್ಲ. ಆ ಬೀಗ ಕಳ್ಳರಿಗಾಗಿ ಇದ್ದುದಲ್ಲ. ಪಿಡಿಪಿ-8/ಇ ಯಂತ್ರದಲ್ಲಿ ಅದಕ್ಕೆ ಮೂರು ಸ್ಥಾನಗಳು. ಒಂದರಲ್ಲಿ ಯಂತ್ರ ಬಂದ್, ಎರಡನೆಯದರಲ್ಲಿ ಚಾಲೂ. ಮೂರನೆಯದರಲ್ಲಿ ಯಂತ್ರ ನಡೆಯುತ್ತಲೇ ಇರುತ್ತದೆ, ಆದರೆ ಮುಂಭಾಗದ ಗುಂಡಿಗಳು ಕೆಲಸ ಮಾಡವು. ಹಾದುಹೋಗುವವನ ಮೊಣಕೈ ತಾಗಿ ಗಂಟೆಗಟ್ಟಲೆ ನಡೆದ ಲೆಕ್ಕಾಚಾರ ಹಾಳಾಗಬಾರದೆಂಬುದು ಉದ್ದೇಶ. ರಿಪೇರಿಗೆ ಬರುವ ಇಂಜಿನಿಯರನೂ ಗಿರಾಕಿಗೊಂದರಂತೆ ಗೊಂಚಲು ಹೊತ್ತು ತಿರುಗಬೇಕಿರಲಿಲ್ಲ. ಜೇಬಿನಲ್ಲಿ ಒಂದಿದ್ದರೆ ಸಾಕಿತ್ತು. ಆ ಕಂಪನಿಯನ್ನು 1998ರಲ್ಲಿ ಕಾಂಪ್ಯಾಕ್ ಕೊಂಡಿತು. ಕಾಂಪ್ಯಾಕ್ 2002ರಲ್ಲಿ ಹ್ಯೂಲೆಟ್-ಪ್ಯಾಕರ್ಡಿನಲ್ಲಿ ಲೀನವಾಯಿತು. ಕಂಪನಿ ಹೋದರೂ ಸಂಖ್ಯೆ ಉಳಿದಿದೆ. ಆ ಸಂಖ್ಯೆ ಹೇಳಿದರೆ ಹೊಸ ಬೀಗದಕೈ ಕತ್ತರಿಸಿ ಮಾರುವವರು ಇಂದಿಗೂ ಇದ್ದಾರೆ. ಹಳೆಯ ಯಂತ್ರಗಳ ಹವ್ಯಾಸಿಗಳು ಅದರ ನಕ್ಷೆ ತಯಾರಿಸಿ ಹಂಚಿಕೊಂಡಿದ್ದಾರೆ. ತ್ರೀಡಿ ಪ್ರಿಂಟರಿನಲ್ಲಿ ಪ್ಲಾಸ್ಟಿಕಿನದನ್ನು ತೆಗೆಯಬಹುದು. ಪ್ಲಾಸ್ಟಿಕಿನದು ಅಪರೂಪಕ್ಕೆ ತಿರುಗಿಸಲು ಸಾಕು, ನಿತ್ಯದ ಬಳಕೆಗೆ ಬಾರದು.

ನಮ್ಮ ಆಫೀಸುಗಳ ಕಡೆಗೆ ಬಂದರೆ ಕಾಣಸಿಗುವುದು ಮೇಜಿನ ಮೇಲಿನ ಯಂತ್ರಗಳು. ಇವುಗಳ ಮೂಲಪುರುಷ 1984ರ ಐಬಿಎಂ ಪಿಸಿ-ಎಟಿ. ಅದರ ಬೀಗ ಎರಡು ಕೆಲಸ ಮಾಡುತ್ತಿತ್ತು: ಕೀಬೋರ್ಡಿನ ಮಾತು ಯಂತ್ರಕ್ಕೆ ತಲುಪದಂತೆ ತಡೆಯುವುದು, ಮೇಲಿನ ಮುಚ್ಚಳ ಬಿಚ್ಚದಂತೆ ಹಿಡಿಯುವುದು. ಬೀಗ ಹಾಕಿದ ಸ್ಥಿತಿಯಲ್ಲಿ ಯಂತ್ರ ಚಾಲೂ ಮಾಡಿದರೆ ಪರದೆಯ ಮೇಲೆ 302 ಎಂಬ ಸಂಖ್ಯೆ ಮೂಡುತ್ತದೆ. ಇದನ್ನರಿಯದೆ ಕೀಬೋರ್ಡು ಕೆಟ್ಟಿದೆಯೆಂದು ಹೊಸ ಕೀಬೋರ್ಡು ತರುವವರೂ ಉಂಟು. ಐಬಿಎಂನವರದೇ 1990ರ ಆರ್‌ಎಸ್/6000 ಯಂತ್ರಗಳಲ್ಲಿ ಸಾಮಾನ್ಯ, ದುರಸ್ತಿ, ಭದ್ರ ಎಂಬ ಮೂರು ಸ್ಥಾನಗಳ ಬೀಗವಿತ್ತು. ಭದ್ರ ಸ್ಥಾನದಲ್ಲಿ ಬೀಗ ಉಳಿದಿದ್ದರೆ ಯಂತ್ರ 200 ಎಂದು ತೋರಿಸಿ ಅಲ್ಲಿಯೇ ನಿಲ್ಲುತ್ತದೆ.

ಎಟಿಯನ್ನು ಅನುಸರಿಸಿ ತಯಾರಾದ ಅಗ್ಗದ ಯಂತ್ರಗಳಲ್ಲಿ ಅನೇಕಕ್ಕೆ ಮುಚ್ಚಳದ ಬಿಗಿ ಇಲ್ಲ; ಬೀಗವೆಂಬುದು ಬರೀ ಒಂದು ವಿದ್ಯುತ್ ಸ್ವಿಚ್ಚು. ಅಂಥದ್ದಕ್ಕೆ ಬೀಗದಕೈ ಸಿಗುವ ತನಕ ಕೆಲಸ ನಿಲ್ಲಿಸಬೇಕಾಗಿಲ್ಲ. ಮೊದಲು ಕರೆಂಟಿನ ವಯರು ಕಿತ್ತು, ಹಿಂಭಾಗದ ತಿರುಪು ಬಿಚ್ಚಿ ಮುಚ್ಚಳ ತೆಗೆಯಿರಿ. ಬೀಗದಿಂದ ಮುಖ್ಯ ಬೋರ್ಡಿಗೆ ಸಣ್ಣ ತಂತಿಗಳು ಹೋಗಿ ಐದು ಸ್ಥಾನಗಳ ಒಂದು ಜೋಡಣೆಯಲ್ಲಿ ಕೂತಿರುತ್ತವೆ. ಒಂದನೆಯದು ಮತ್ತು ಮೂರನೆಯದು ಯಂತ್ರ ಚಾಲೂ ಇದೆಯೆಂದು ತೋರಿಸುವ ದೀಪದವು, ನಾಲ್ಕನೆಯದು ಮತ್ತು ಐದನೆಯದು ಬೀಗದವು. ಬೀಗ ಹಾಕಿದಾಗ ನಾಲ್ಕು ಐದು ಒಂದಾಗುತ್ತವೆ, ಯಂತ್ರ ಕೀಬೋರ್ಡಿಗೆ ಕಿವುಡಾಗುತ್ತದೆ. ಆ ಜೋಡಣೆಯನ್ನು ಮೆಲ್ಲನೆ ಎತ್ತಿದರೆ ಕೀಬೋರ್ಡು ಮತ್ತೆ ನಡೆಯುತ್ತದೆ. ದೀಪ ಉರಿಯದು, ಅಷ್ಟೇ. ಎತ್ತುವ ಮುಂಚೆ ಯಾವ ಬಣ್ಣದ ತಂತಿ ಯಾವ ಕಡೆಗಿತ್ತೆಂದು ಬರೆದಿಡಿರಿ, ಇಲ್ಲವೇ ಫೋಟೋ ತೆಗೆಯಿರಿ.

ಅಸಲು ಐಬಿಎಂ ಎಟಿಯಂತೆ ಮುಚ್ಚಳವೂ ಬಿಗಿದಿದ್ದರೆ ಬೀಗದಕೈಯೇ ಬೇಕು. ಮೊದಲು ಸಂಖ್ಯೆ ಹುಡುಕಿರಿ. ಅಸಲು ಬೀಗದಕೈಯ ಮೇಲೆ ಸಂಖ್ಯೆ ಕೆತ್ತಿರುತ್ತದೆ. ಕೆಲವು ಬೀಗಗಳ ಮುಖದ ಮೇಲೆಯೇ ಇರುತ್ತದೆ, ಧೂಳು ಒರೆಸಿ ಭೂತಗನ್ನಡಿ ಹಿಡಿದು ನೋಡಬೇಕು. ಯಂತ್ರದ ಜೊತೆ ಬಂದ ಪುಸ್ತಕದಲ್ಲಿಯೋ ಆಫೀಸಿನ ಸ್ಟಾಕ್ ರಿಜಿಸ್ಟರಿನಲ್ಲಿಯೋ ಹಿಂದಿನ ಯಾರಾದರೂ ಪುಣ್ಯವಂತ ಗುಮಾಸ್ತ ಬರೆದಿಟ್ಟಿರುವುದೂ ಉಂಟು. ಸಂಖ್ಯೆ ಸಿಕ್ಕಿತೆಂದರೆ ಮುಕ್ಕಾಲು ಕೆಲಸ ಆದಂತೆಯೇ. ಸಂಖ್ಯೆಗೆ ತಕ್ಕ ಆಳಗಳ ಪಟ್ಟಿ ನೋಡಿ ಕತ್ತರಿಸಿಕೊಡುವ ಬೀಗದ ಕಸಬಿನವರಿದ್ದಾರೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರಸ್ತೆ ಇಂಥ ಕಡೆ ಹಳೆಯ ಸಾಮಾನು ಇಟ್ಟುಕೊಂಡವರನ್ನು ವಿಚಾರಿಸಿ ನೋಡುವುದೂ ವ್ಯರ್ಥವಲ್ಲ. ಅಗ್ಗದ ಪೆಟ್ಟಿಗೆಗಳಿಗೆ ಒಂದೇ ನಮೂನೆಯ ಬೀಗ ಎಷ್ಟೋ ಬಾರಿ ಬರುತ್ತಿದ್ದುದರಿಂದ ಬೇರೆ ಯಂತ್ರದ ಬೀಗದಕೈ ನಿಮ್ಮದಕ್ಕೆ ಕೂಡಿಬರುವ ಸಂಭವವುಂಟು.

ಒಂದು ಬೀಗದಕೈ ಇದ್ದು ಇನ್ನೊಂದು ಬೇಕಾದರೆ? ಚಪ್ಪಟೆ ಬೀಗದಕೈಯಾದರೆ ಚಿಂತೆಯಿಲ್ಲ; ರಸ್ತೆ ಬದಿಯ ಚಾವಿವಾಲಾ ಅರದಿಂದ ಉಜ್ಜಿ ಸ್ವಲ್ಪ ಹೊತ್ತಿನಲ್ಲಿ ಕೊಡುತ್ತಾನೆ. ಅವನ ಕೈಗುಣಕ್ಕೆ ನಾವು ಯಾವಾಗಲೂ ತಲೆಬಾಗುತ್ತೇವೆ. ಆದರೆ ಕೊಳವೆಯದು ಅವನ ಸಾಮಾನ್ಯ ಯಂತ್ರದ ಹಿಡಿತಕ್ಕೆ ಕೂರದು. ಕೊಳವೆಯ ಬಾಯಿಯನ್ನು ಮೇಲಿನಿಂದ ಕೊರೆಯುವ ಬೇರೆ ಯಂತ್ರವಿದ್ದವರ ಬಳಿಗೇ ಹೋಗಬೇಕು. ಖಾಲಿ ಕೊಳವೆ ಕೊಳ್ಳುವಾಗ ಹೊರಗಿನ ಅಳತೆ, ಒಳಗಿನ ಅಳತೆ, ಹಾದಿ ತೋರಿಸುವ ಸಣ್ಣ ಗುಬುಟು ಕೊಳವೆಯ ಒಳಗಿದೆಯೋ ಹೊರಗಿದೆಯೋ, ಅದು ನಡುವಿನಲ್ಲಿದೆಯೋ ಎಡಬಲಕ್ಕೆ ಸರಿದಿದೆಯೋ ಇವೆಲ್ಲ ಒಪ್ಪಬೇಕು. ಒಂದು ತಪ್ಪಿದರೂ ಬೀಗದೊಳಕ್ಕೆ ಹೋಗುವುದೇ ಇಲ್ಲ.

ಬೀಗದಕೈಯೂ ಇಲ್ಲ, ಸಂಖ್ಯೆಯೂ ಇಲ್ಲ ಎಂಬ ಸ್ಥಿತಿಯೇ ಹೆಚ್ಚು. ಬಲ್ಲ ಕಸಬಿನವರ ಬಳಿ ಏಳು ಕಡ್ಡಿಗಳುಳ್ಳ ಒಂದು ಸಲಕರಣೆಯಿರುತ್ತದೆ. ಬೀಗಕ್ಕೆ ಒತ್ತಿ ಹದವಾಗಿ ತಿರುಗಿಸುತ್ತ ಹೋದರೆ ಬೀಗ ತೆರೆಯುತ್ತದೆ; ಅಷ್ಟೇ ಅಲ್ಲ, ಯಾವ ಕಡ್ಡಿ ಎಷ್ಟು ಆಳಕ್ಕೆ ನಿಂತಿತೆಂಬುದು ಸಲಕರಣೆಯಲ್ಲಿಯೇ ಉಳಿಯುತ್ತದೆ. ಅದನ್ನು ಅಳೆದು ಹೊಸ ಬೀಗದಕೈ ಕತ್ತರಿಸಬಹುದು. ಇದು ನಮ್ಮ ಮೆಚ್ಚಿನ ದಾರಿ, ಏಕೆಂದರೆ ಬೀಗಕ್ಕೆ ಗಾಯವಿಲ್ಲ.

ಮುಚ್ಚಳ ತೆರೆಯುವಂತಿದ್ದರೆ ಬೀಗವನ್ನೇ ಹೊರತೆಗೆದು ಬಿಚ್ಚುವುದು ಇನ್ನೊಂದು ದಾರಿ. ಬೀಗದ ಒಡಲಿನ ಪಕ್ಕದಲ್ಲಿ ಒಂದು ಸಣ್ಣ ಪಿನ್ನು ಒಳಭಾಗವನ್ನು ಹಿಡಿದಿರುತ್ತದೆ. ಅದನ್ನು ತೆಗೆದರೆ ಕಡ್ಡಿಗಳು ಹೊರಬರುತ್ತವೆ. ಸ್ಪ್ರಿಂಗುಗಳು ಚಿಮ್ಮುತ್ತವೆ, ಆದ್ದರಿಂದ ಅಗಲವಾದ ಬಿಳಿಯ ಬಟ್ಟೆ ಹಾಸಿಕೊಂಡು ಕೂರಬೇಕು. ಕಡ್ಡಿಗಳನ್ನು ತೆಗೆದ ಕ್ರಮದಲ್ಲಿಯೇ ಒಂದು ಕಾಗದದ ಮೇಲೆ ಜೋಡಿಸಿ, ವರ್ನಿಯರ್ ಕ್ಯಾಲಿಪರಿನಿಂದ ಅಳೆದು ಬರೆದುಕೊಳ್ಳಬೇಕು. ಕ್ರಮ ತಪ್ಪಿತೋ, ಬೀಗವೂ ಹೋಯಿತು, ಅಳತೆಯೂ ಹೋಯಿತು. ಫಿಟ್ಟರ್ ಕೆಲಸ ಬಲ್ಲ ಬಂಧುಗಳಿಗೆ ಇದು ಒಂದು ಭಾನುವಾರದ ಕೆಲಸ. ನಮ್ಮಂಥ ಲೆಕ್ಕಪತ್ರದವರು ಅವರ ಪಕ್ಕದಲ್ಲಿ ಕೂತು ಬರೆದುಕೊಳ್ಳುವುದು ಮೇಲು.

ಇದಾವುದೂ ಬೇಡವೆಂದರೆ ಹೊಸ ಬೀಗವನ್ನೇ ಕೂರಿಸಬಹುದು. ಮುಕ್ಕಾಲು ಇಂಚಿನ ರಂಧ್ರಕ್ಕೆ ಹೊಂದುವ ಸ್ವಿಚ್ಚಿನ ಬೀಗಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ರಂಧ್ರ ಅಳೆದುಕೊಂಡೇ ಕೊಳ್ಳಿರಿ. ಹಳೆಯ ಬೀಗವನ್ನು ಎಸೆಯದೆ ಲಕೋಟೆಯಲ್ಲಿ ಹಾಕಿ ಯಂತ್ರದ ಜೊತೆಗೇ ಇಡಿರಿ.

2004ರಲ್ಲಿ ಅಮೇರಿಕದಲ್ಲಿ ಒಂದು ಗದ್ದಲವಾಯಿತು. ಕ್ರಿಪ್ಟೊನೈಟ್ ಎಂಬ ಹೆಸರಾಂತ ಬೈಸಿಕಲ್ ಬೀಗಗಳು ಇದೇ ಕೊಳವೆ ಜಾತಿಯವು. ಬಿಕ್ ಕಂಪನಿಯ ಬಾಲ್‌ಪೆನ್ನಿನ ಕೊಳವೆಯನ್ನು ಒತ್ತಿ ತಿರುಗಿಸಿದರೆ ಅವು ತೆರೆದುಕೊಳ್ಳುತ್ತವೆಂದು ಬೈಸಿಕಲ್ ಸವಾರರು ಕಂಡುಹಿಡಿದರು. ಕಂಪನಿ ಬೀಗಗಳನ್ನು ಬದಲಾಯಿಸಿಕೊಡಬೇಕಾಯಿತು. ಕಂಪ್ಯೂಟರಿನ ಬೀಗದ ಮೇಲೆ ಈ ಪ್ರಯೋಗ ಬೇಡ, ಪ್ಲಾಸ್ಟಿಕ್ ಚೂರು ಒಳಗೆ ಮುರಿದು ಕೂತರೆ ಆಮೇಲೆ ಯಾವ ಬೀಗದಕೈಯೂ ಹೋಗದು. ಆದರೆ ಇಷ್ಟು ಸುಲಭದ ಬೀಗವಾದುದರಿಂದಲೇ ಒಂದು ಮಾತು ಹೇಳಬೇಕು. ಆಫೀಸಿನ ಯಂತ್ರ ಆಫೀಸಿನದು. ತೆರೆಯುವ ಮುಂಚೆ ಮೇಲಿನವರಿಂದ ಒಂದು ಚೀಟಿ ಬರೆಸಿಕೊಳ್ಳಿರಿ. ಕಸಬಿನವನು ಆ ಚೀಟಿ ಕೇಳಿದರೆ ಸಿಟ್ಟಾಗಬೇಡಿರಿ, ಕೇಳದಿದ್ದರೆ ಬೇರೆಯವನನ್ನು ಹುಡುಕಿರಿ. ಗುಜರಿಯಲ್ಲಿ ಕೊಂಡ ಯಂತ್ರವಾದರೆ ರಸೀದಿ ಜೋಪಾನವಾಗಿರಲಿ.

ಹೊಸ ಬೀಗದಕೈ ಮಾಡಿಸುವಾಗ ಎರಡು ಮಾಡಿಸಿರಿ. ಎರಡನೆಯದಕ್ಕೆ ತಗಲುವುದು ಅಲ್ಪ, ಅಳತೆಯ ಶ್ರಮ ಮುಗಿದೇ ಇರುತ್ತದೆ. ಏಳು ಆಳಗಳ ಅಂಕಿಗಳನ್ನು ಸ್ಟಾಕ್ ರಿಜಿಸ್ಟರಿನಲ್ಲಿ ಯಂತ್ರದ ಹೆಸರಿನೆದುರು ಬರೆಯಿರಿ, ಯಂತ್ರದ ಮೇಲೆ ಅಂಟಿಸಬೇಡಿರಿ. ಬೀಗ ಬಿಗಿಯಾಗಿದ್ದರೆ ಕೊಬ್ಬರಿಎಣ್ಣೆ ಬಿಡುವ ನಮ್ಮವರ ಅಭ್ಯಾಸ ಇಲ್ಲಿ ನಡೆಯದು; ಎಣ್ಣೆ ಧೂಳು ಹಿಡಿದು ಕಡ್ಡಿಗಳನ್ನು ಅಂಟಿಸಿಬಿಡುತ್ತದೆ. ಪೆನ್ಸಿಲ್ಲಿನ ಸೀಸವನ್ನು ಬ್ಲೇಡಿನಿಂದ ನುಣ್ಣಗೆ ಕೆರೆದು, ಆ ಪುಡಿಯನ್ನು ಬೀಗದಕೈಯ ಬಾಯಿಗೆ ಸ್ವಲ್ಪವೇ ಸವರಿ, ನಾಲ್ಕಾರು ಬಾರಿ ಹಾಕಿ ತೆಗೆದರೆ ಸಾಕು.